52 ಎಕ್ಸ್ ಅಂದರೆ ಎಷ್ಟು? – ಹಳೇ ಡಿಸ್ಕುಗಳ ವೇಗದ ಲೆಕ್ಕ

ಮಳೆಗಾಲದಲ್ಲಿ ಪೇಪರಿನಲ್ಲಿ ಕಬಿನಿ ಸುದ್ದಿ ಬಂದಾಗ ಎರಡು ಬಗೆಯ ಅಂಕಿ ಇರುತ್ತವೆ. ಒಳಗೆ ಇಷ್ಟು ಟಿ.ಎಂ.ಸಿ. ನೀರು ನಿಂತಿದೆ, ಹೊರಕ್ಕೆ ಇಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಅಂತ. ಟಿ.ಎಂ.ಸಿ. ನಿಂತ ನೀರಿನ ಅಳತೆ, 100 ಕೋಟಿ ಘನ ಅಡಿ. ಕ್ಯೂಸೆಕ್ ಹರಿಯುವ ನೀರಿನ ಅಳತೆ, ಸೆಕೆಂಡಿಗೆ ಒಂದು ಘನ ಅಡಿ. ಕಬಿನಿ ತುಂಬಿದರೆ 19.52 ಟಿ.ಎಂ.ಸಿ. ಇವೆರಡನ್ನು ನಮ್ಮ ಕಡೆ ರೈತರು ಯಾರೂ ಬೆರೆಸುವುದಿಲ್ಲ. ಕಂಪ್ಯೂಟರ್ ವಿಷಯಕ್ಕೆ ಬಂದರೆ ಮಾತ್ರ ಬಹಳ ಜನ ಬೆರೆಸಿಬಿಡುತ್ತಾರೆ. ಡಿಸ್ಕಿನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದು ಟಿ.ಎಂ.ಸಿ. ಇದ್ದ ಹಾಗೆ, ಸೆಕೆಂಡಿಗೆ ಎಷ್ಟು ಹೊರಗೆ ಬರುತ್ತದೆ ಎಂಬುದು ಕ್ಯೂಸೆಕ್ ಇದ್ದ ಹಾಗೆ.

ಇದರಿಂದ ನಮಗೇನು ಎಂದು ಕೇಳಬೇಡಿ. ಎಷ್ಟೋ ಮನೆಗಳ ಬೀರುವಿನಲ್ಲಿ ಮದುವೆ ಫೋಟೋಗಳ ಸಿ.ಡಿ. ಇದೆ. ತೀರಿಹೋದ ಅಜ್ಜಿ ತಾತನ ಮುಖ ಅದರಲ್ಲೇ ಉಳಿದಿರುವ ಮನೆಗಳೂ ಉಂಟು. ಗೀರು ಬಿದ್ದು ಹಾಳಾಗುವ ಮುಂಚೆ ಅದನ್ನು ಇಳಿಸಿಕೊಳ್ಳಬೇಕು. ಕರೆಂಟು ಹೋಗುವಷ್ಟರಲ್ಲಿ ಮುಗಿಯುತ್ತದೋ ಇಲ್ಲವೋ ಎಂದು ತಿಳಿಯಲು ಈ ಲೆಕ್ಕ ಬೇಕು.

ಮೊದಲು ಬಿಟ್ ಮತ್ತು ಬೈಟ್. ಎಂಟು ಅರೆಪಾವು ಸೇರಿದರೆ ಒಂದು ಸೇರು ಅಲ್ಲವೇ? ಹಾಗೆಯೇ ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ ಬಿ ಹಾಕಿದರೆ ಬಿಟ್, ದೊಡ್ಡ ಬಿ ಹಾಕಿದರೆ ಬೈಟ್. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಬಿ’ ಬರೆಯುತ್ತೇವೆ, ಅಲ್ಲೇ ಮೋಸ. ಹಳ್ಳಿಗಳಿಗೆ ಕೇಬಲ್ ಎಳೆಯುವ ಭಾರತ್‌ನೆಟ್ ಯೋಜನೆಯಲ್ಲಿ (2011ರಲ್ಲಿ ಒಪ್ಪಿಗೆಯಾಗಿ 2015ರಲ್ಲಿ ಈ ಹೆಸರು ಬಂತು) ಪ್ರತಿ ಗ್ರಾಮ ಪಂಚಾಯಿತಿಗೆ ಕಡಿಮೆ ಅಂದರೂ 100 ಎಂ.ಬಿ.ಪಿ.ಎಸ್. ಕೊಡುವ ಗುರಿ ಇಟ್ಟುಕೊಂಡರು. ಇದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿ. ಸೆಕೆಂಡಿಗೆ 12.5 ಮೆಗಾಬೈಟ್ ಆಯಿತು, 100 ಅಲ್ಲ.

ಈಗ ಹಳೇ ಫ್ಲಾಪಿ. ಅದರ ಮೇಲೆ 1.44 ಎಂ.ಬಿ. ಎಂದು ಬರೆದಿರುತ್ತದೆ. ಎರಡು ಮಗ್ಗುಲು, ಮಗ್ಗುಲಿಗೆ 80 ಸುತ್ತುಗೆರೆ, ಪ್ರತಿ ಗೆರೆಯಲ್ಲಿ 18 ತುಂಡು, ತುಂಡಿಗೆ 512 ಬೈಟ್. ಗುಣಿಸಿ ನೋಡಿ, 14,74,560 ಬೈಟ್ ಬರುತ್ತದೆ. ಫ್ಲಾಪಿ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 5. ಒಂದು ಸುತ್ತಿಗೆ 18 × 512 = 9,216 ಬೈಟ್. ಸೆಕೆಂಡಿಗೆ 46,080 ಬೈಟ್. ಪೂರ್ತಿ ಓದಲು 32 ಸೆಕೆಂಡು. ಆದರೆ ಪುಸ್ತಕದಲ್ಲಿ ಇದರ ವೇಗ 500 ಕಿಲೋಬಿಟ್, ಅಂದರೆ 62,500 ಬೈಟ್ ಎಂದು ಕೊಟ್ಟಿರುತ್ತಾರೆ. ಉಳಿದದ್ದು ಎಲ್ಲಿ ಹೋಯಿತು? ತುಂಡು ತುಂಡಿನ ನಡುವೆ ಬಿಟ್ಟ ಜಾಗ, ತುಂಡಿನ ವಿಳಾಸ ಇವೆಲ್ಲ ಅದರಲ್ಲಿ ಸೇರಿವೆ. ಭತ್ತ ಅಳೆದಾಗ ಜೊಳ್ಳೂ ಸೇರುತ್ತದಲ್ಲ, ಹಾಗೆ.

ನಮ್ಮ ಊರಿನ ಹೆಸರನ್ನೇ ಹಾಕಿ ನೋಡೋಣ. ‘ಹೆಮ್ಮರಗಾಲ’ ಎಂದು ಕಂಪ್ಯೂಟರಿನಲ್ಲಿ ಯೂನಿಕೋಡ್ ಪದ್ಧತಿಯಲ್ಲಿ ಬರೆದರೆ ಒತ್ತು, ದೀರ್ಘ, ಕೊಂಬು ಎಲ್ಲ ಬಿಡಿ ಬಿಡಿ ಗುರುತು. ಒಟ್ಟು 9 ಗುರುತು. ಸಾಮಾನ್ಯವಾಗಿ ಬಳಸುವ ಯು.ಟಿ.ಎಫ್.-8 ರೀತಿಯಲ್ಲಿ ಕನ್ನಡದ ಒಂದು ಗುರುತಿಗೆ 3 ಬೈಟ್ ಬೇಕು. ಊರಿನ ಹೆಸರು 27 ಬೈಟ್, 216 ಬಿಟ್. ಈ ಗೋಡೆ ಪತ್ರಿಕೆಯ ಒಂದು ಹಾಳೆಯಲ್ಲಿ ಮೂರು ಸಾವಿರ ಗುರುತು ಇದ್ದರೆ 9,000 ಬೈಟ್. ಫ್ಲಾಪಿ ಒಂದು ಸುತ್ತು ತಿರುಗುವುದರೊಳಗೆ, ಸೆಕೆಂಡಿನ ಐದರಲ್ಲಿ ಒಂದು ಪಾಲಿನಲ್ಲಿ, ಇಡೀ ಹಾಳೆ ಓದಿಯಾಯಿತು! ಬರೆಯುವವರ ಕೈನೋವು ಮಾತ್ರ ಎರಡು ದಿನ.

ಇನ್ನು ಸಿ.ಡಿ. ಇದರ ವೇಗವನ್ನು ‘ಎಕ್ಸ್’ನಲ್ಲಿ ಹೇಳುತ್ತಾರೆ. ಹಾಡಿನ ಸಿ.ಡಿ. ನುಡಿಯುವ ವೇಗ ಒಂದು ಎಕ್ಸ್. ಸೆಕೆಂಡಿಗೆ 75 ತುಂಡು, ಕಂಪ್ಯೂಟರ್ ಸಿ.ಡಿ.ಯಲ್ಲಿ ತುಂಡಿಗೆ 2,048 ಬೈಟ್, ಒಟ್ಟು 1,53,600 ಬೈಟ್. ಇದನ್ನೇ 150 ಕೆ.ಬಿ. ಎನ್ನುವುದು. ಇಲ್ಲಿ ಕಿಲೋ ಅಂದರೆ 1,000 ಅಲ್ಲ, 1,024. ಈ ಗೊಂದಲ ಬೇಡವೆಂದೇ 1998ರಲ್ಲಿ 1,024ಕ್ಕೆ ‘ಕಿಬಿ’ ಎಂದು ಬೇರೆ ಹೆಸರು ಕೊಟ್ಟರು. ಆದರೆ ಅಂಗಡಿಯಲ್ಲಿ ಕಿಬಿ ಅಂದರೆ ಯಾರಿಗೂ ತಿಳಿಯುವುದಿಲ್ಲ.

52 ಎಕ್ಸ್ ಎಂದರೆ 52 × 1,53,600 = 79,87,200 ಬೈಟ್. ಹೆಚ್ಚುಕಡಿಮೆ 8 ಮೆಗಾಬೈಟ್. ಎಂಟರಿಂದ ಗುಣಿಸಿದರೆ ಸುಮಾರು 64 ಎಂ.ಬಿ.ಪಿ.ಎಸ್. ಅಂದರೆ ಅಷ್ಟು ಗಿರ್ರ್ ಎಂದು ತಿರುಗುವ ಸಿ.ಡಿ. ಡ್ರೈವಿಗಿಂತ ಪಂಚಾಯಿತಿಗೆ ಹೇಳಿದ ತಂತಿಯೇ ಜೋರು. ಅದೂ 52 ಸಿಗುವುದು ಸಿ.ಡಿ.ಯ ಹೊರ ಅಂಚಿನಲ್ಲಿ ಮಾತ್ರ. ಕಣದಲ್ಲಿ ಜೋಡಿ ಎತ್ತು ಸುತ್ತುವಾಗ ಹೊರಗಿನ ಎತ್ತು ಹೆಚ್ಚು ದೂರ ನಡೆಯುತ್ತದೆ, ಮೇಟಿ ಹತ್ತಿರದ್ದು ಕಡಿಮೆ. ಸಿ.ಡಿ.ಯಲ್ಲೂ ಹಾಗೆಯೇ. ಒಳಗಡೆ ವೇಗ ಅರ್ಧಕ್ಕಿಂತ ಕಡಿಮೆ. ಗೀರು ಇದ್ದರಂತೂ ಡ್ರೈವು ತಾನಾಗಿ ನಿಧಾನ ಮಾಡಿಕೊಂಡು ಮತ್ತೆ ಮತ್ತೆ ಓದುತ್ತದೆ.

80 ನಿಮಿಷದ ಸಿ.ಡಿ.ಯಲ್ಲಿ 73,72,80,000 ಬೈಟ್ ಹಿಡಿಯುತ್ತದೆ. ಇದನ್ನು ಫ್ಲಾಪಿಯ 14,74,560ರಿಂದ ಭಾಗಿಸಿ. ಶೇಷವೇ ಇಲ್ಲದೆ 500! ಒಂದು ಸಿ.ಡಿ.ಗೆ ಐನೂರು ಫ್ಲಾಪಿ. ಫ್ಲಾಪಿಗೆ 32 ಸೆಕೆಂಡಿನಂತೆ ನಾಲ್ಕು ಗಂಟೆ 26 ನಿಮಿಷ 40 ಸೆಕೆಂಡು, ಬದಲಾಯಿಸುವ ಹೊತ್ತು ಬಿಟ್ಟು. ಅಷ್ಟನ್ನೇ 100 ಎಂ.ಬಿ.ಪಿ.ಎಸ್. ತಂತಿ ಪೂರ್ತಿ ವೇಗದಲ್ಲಿ ಹರಿದರೆ 59 ಸೆಕೆಂಡಿನಲ್ಲಿ ತಂದು ಹಾಕುತ್ತದೆ.

ಈಗ ನಿಮಗೊಂದು ಲೆಕ್ಕ. ತುಂಬಿದ ಐದು ಸಿ.ಡಿ.ಗಳನ್ನು ಹಳೇ ಕಂಪ್ಯೂಟರಿಗೆ ಹಾಕಿಯಾಗಿದೆ. ಅಲ್ಲಿಂದ ಪೆನ್‌ಡ್ರೈವಿಗೆ ಇಳಿಸಬೇಕು. ಆ ಕಂಪ್ಯೂಟರಿನ ಯು.ಎಸ್.ಬಿ. ಮೊದಲಿನ ಕಾಲದ್ದು, 12 ಎಂ.ಬಿ.ಪಿ.ಎಸ್. ಕರೆಂಟು ಇರುವುದು ಸರಿಯಾಗಿ ಒಂದು ಗಂಟೆ. ಜೊಳ್ಳು ಲೆಕ್ಕಕ್ಕೆ ಹಿಡಿಯದೆ ಒಂದು ಸಲ ಮಾಡಿ. ಆಮೇಲೆ ಮೂರರಲ್ಲಿ ಒಂದು ಪಾಲು ಜೊಳ್ಳು ಎಂದು ಕಳೆದು ಇನ್ನೊಂದು ಸಲ ಮಾಡಿ. ಎರಡು ಉತ್ತರವನ್ನೂ ಚೀಟಿಯಲ್ಲಿ ಬರೆದು ಗಣಿತದ ಮೇಷ್ಟ್ರಿಗೆ ಕೊಡಿ.