ಕುತ್ತಿಗೆಯ ಪೆಟ್ಟು: ರೋಗದ ಸಂಕೇತವೂ ಆಸ್ಪತ್ರೆಯ ದಾಖಲೆಯೂ

ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕಳುಹಿಸುವಾಗ ಕೊಡುವ ಡಿಸ್‌ಚಾರ್ಜ್ ಕಾಗದದಲ್ಲಿ, ರೋಗದ ಹೆಸರಿನ ಪಕ್ಕದಲ್ಲಿ ಒಂದು ಅಕ್ಷರವೂ ಕೆಲವು ಅಂಕಿಗಳೂ ಇರುವುದನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅದು ಗುಮಾಸ್ತರ ಗುರುತೆಂದು ಬಗೆದು ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಡುವುದು ವಾಡಿಕೆ. ಆದರೆ ಮುಂದೆ ಪರವೂರಿನ ವೈದ್ಯರಾಗಲಿ, ವಿಮಾ ಕಂಪನಿಯಾಗಲಿ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಲಿ ರೋಗಿಯ ಸ್ಥಿತಿಯನ್ನು ತಿಳಿಯುವುದು ಬಹುಮಟ್ಟಿಗೆ ಆ ಬರಹದಿಂದಲೇ. ಆದ್ದರಿಂದ ಅದರ ಅರ್ಥವನ್ನು ಸ್ವಲ್ಪ ತಿಳಿದಿರುವುದು ಮೇಲು. ಸಂಕೇತ ಬರೆಯುವ ಉದ್ಯೋಗವನ್ನು ಕಲಿಯುತ್ತಿರುವ ನಮ್ಮ ತರುಣರಿಗೂ ಈ ಪಾಠ ಉಪಯೋಗವಾದೀತು.

ಸಂಕೇತದ ಮೂಲ

ಮರಣದ ಕಾರಣಗಳನ್ನು ಎಲ್ಲ ದೇಶಗಳೂ ಒಂದೇ ಕ್ರಮದಲ್ಲಿ ಬರೆದಿಡಲೆಂದು ಫ್ರಾನ್ಸಿನ ಜಾಕ್ ಬರ್ತಿಯೋಂ ಅವರು ೧೮೯೩ರಲ್ಲಿ ಒಂದು ಪಟ್ಟಿಯನ್ನು ಮಂಡಿಸಿದರು. ೧೯೪೮ರ ಆರನೆಯ ಪರಿಷ್ಕರಣದಿಂದ ಈ ಕೆಲಸ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಹತ್ತನೆಯ ಪರಿಷ್ಕರಣಕ್ಕೆ ೧೯೯೦ರಲ್ಲಿ ಒಪ್ಪಿಗೆ ದೊರೆಯಿತು. ಹನ್ನೊಂದನೆಯದು ೨೦೨೨ರ ಜನವರಿ ೧ರಿಂದ ಜಾರಿಗೆ ಬಂದಿದ್ದರೂ ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಹತ್ತನೆಯದೇ ಇನ್ನೂ ಬಳಕೆಯಲ್ಲಿದೆ. ಇಲ್ಲಿ ಹೇಳುವುದೆಲ್ಲ ಅದನ್ನೇ ಅನುಸರಿಸಿದೆ.

ಕುತ್ತಿಗೆಯ ರಚನೆ

ಕುತ್ತಿಗೆಯ ಬೆನ್ನೆಲುಬಿನಲ್ಲಿ ಏಳು ಮಣಿಗಳಿವೆ. ಅವುಗಳ ನಡುವಣ ಕಾಲುವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಅದರಿಂದ ಎಂಟು ಜೊತೆ ನರಗಳು ಹೊರಡುತ್ತವೆ. ಮೂರು, ನಾಲ್ಕು, ಐದನೆಯ ನರಗಳು ಉಸಿರಾಟದ ವಪೆಯನ್ನು ನಡೆಸುತ್ತವೆ. ಐದನೆಯದು ಮೊಣಕೈಯನ್ನು ಮಡಿಸುವುದಕ್ಕೂ, ಏಳನೆಯದು ಅದನ್ನು ಚಾಚುವುದಕ್ಕೂ, ಎಂಟನೆಯದು ಬೆರಳು ಮಡಿಸುವುದಕ್ಕೂ ಮುಖ್ಯವಾದವು. ಪೆಟ್ಟು ಒಂದು ಮಣಿಯಷ್ಟು ಮೇಲಕ್ಕೆ ಬಿದ್ದರೂ ಮನುಷ್ಯನ ಬಾಳು ಎಷ್ಟು ಬದಲಾಗುತ್ತದೆಂಬುದು ಇದರಿಂದ ವಿದಿತವಾಗುತ್ತದೆ.

ಮೂರು ಮುಖ್ಯ ಗುಂಪುಗಳು

ಕುತ್ತಿಗೆಯ ಗಾಯಗಳಿಗೆಲ್ಲ ‘ಎಸ್ ೧೦’ರಿಂದ ‘ಎಸ್ ೧೯’ರ ವರೆಗಿನ ಸ್ಥಾನಗಳು ಮೀಸಲು. ಅವುಗಳಲ್ಲಿ ನಾವು ಅರಿಯತಕ್ಕವು ಮೂರು.

ಎಸ್ ೧೨ ಎಂದರೆ ಎಲುಬಿನ ಮುರಿತ. ಮೊದಲನೆಯ ಮಣಿಗೆ ೧೨.೦, ಎರಡನೆಯದಕ್ಕೆ ೧೨.೧, ಮಿಕ್ಕ ಮಣಿಗಳಲ್ಲಿ ಒಂದಾದರೆ ೧೨.೨, ಹಲವು ಮುರಿದಿದ್ದರೆ ೧೨.೭. ಮೂರನೆಯದರಿಂದ ಏಳನೆಯದರ ವರೆಗೆ ಒಂದೇ ಸಂಕೇತವಿರುವುದರಿಂದ ಮಣಿಯ ಸಂಖ್ಯೆಯನ್ನು ವೈದ್ಯರು ಮಾತಿನಲ್ಲಿ ಬರೆಯಲೇಬೇಕು.

ಎಸ್ ೧೩ ಎಂದರೆ ಕೀಲು ತಪ್ಪುವುದು, ಉಳುಕು ಮೊದಲಾದುವು. ಹಿಂದಿನಿಂದ ವಾಹನ ಬಡಿದಾಗ ಕುತ್ತಿಗೆ ಚಾಟಿಯಂತೆ ಹಿಂದೆ ಮುಂದೆ ಬೀಸಿ ಉಂಟಾಗುವ ಉಳುಕು ೧೩.೪. ಪೆಟ್ಟಿನಿಂದ ಡಿಸ್ಕ್ ಹರಿದರೆ ೧೩.೦.

ಎಸ್ ೧೪ ಎಂದರೆ ನರ ಮತ್ತು ಬೆನ್ನುಹುರಿಯ ಗಾಯ. ಎಲುಬು ಮುರಿಯದೆಯೂ ಹುರಿಗೆ ಪೆಟ್ಟಾಗಬಹುದು. ಮುರಿದೂ ಹುರಿ ಉಳಿಯಬಹುದು. ಆದುದರಿಂದ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸತಕ್ಕದ್ದು.

ಒಂದು ಉದಾಹರಣೆ

ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದವರೊಬ್ಬರು, ರಸ್ತೆಯಲ್ಲಿ ಕಾರು ಬಡಿದು ಬಿದ್ದರೆಂದು ಭಾವಿಸೋಣ. ಐದನೆಯ ಮಣಿ ಮುರಿದಿದೆ. ಕೈಬೆರಳುಗಳಲ್ಲಿ ಬಲ ತಗ್ಗಿದೆ. ಕಾಗದದಲ್ಲಿ ‘ಕುತ್ತಿಗೆ ನೋವು’ ಎಂದಷ್ಟೇ ಬರೆದರೆ ಅದರ ಸಂಕೇತ ಎಂ ೫೪.೨ ಆಗುತ್ತದೆ. ದಿಂಬು ಸರಿಯಿಲ್ಲದೆ ಮಲಗಿ ಎದ್ದವರ ನೋವಿಗೂ ಅದೇ ಸಂಕೇತ! ಸರಿಯಾದ ಬರಹವೆಂದರೆ, ಬೆನ್ನುಹುರಿಯ ಗಾಯಕ್ಕೆ ಎಸ್ ೧೪.೧, ಮುರಿತಕ್ಕೆ ಎಸ್ ೧೨.೨, ಅಪಘಾತದ ಬಗೆಗೆ ವಿ ೨೩.೫. ಗಾಡಿ ನಡೆಸುತ್ತಿದ್ದವರಾದರೆ ಕೊನೆಯದು ೨೩.೪. ಸವಾರರಾರು, ಹಿಂದೆ ಕುಳಿತವರಾರು ಎಂಬುದನ್ನು ಸಹ ಸಂಕೇತವು ಹೀಗೆ ಹೇಳುತ್ತದೆ. ಮರದಿಂದ ಬಿದ್ದವರಿಗೂ ಪ್ರತ್ಯೇಕ ಸಂಕೇತವುಂಟು. ಅದು ಡಬ್ಲ್ಯು ೧೪.

ವಯಸ್ಸಾದವರಲ್ಲಿ ಇನ್ನೊಂದು ತೊಡಕಿದೆ. ಸವೆತದಿಂದಾದ ಡಿಸ್ಕಿನ ರೋಗ ಎಂ ೫೦. ಪೆಟ್ಟಿನಿಂದಾದದ್ದು ಎಸ್ ೧೩.೦. ಚಿತ್ರದಲ್ಲಿ ಹಳೆಯ ಸವೆತ ಕಂಡಮಾತ್ರಕ್ಕೆ ಹೊಸ ಪೆಟ್ಟು ಸುಳ್ಳಾಗದು. ಅಪಘಾತಕ್ಕೆ ಮುಂಚೆ ತೊಂದರೆ ಇತ್ತೇ, ಕೈಕಾಲಿನ ನಿಶ್ಶಕ್ತಿ ಯಾವಾಗ ಆರಂಭವಾಯಿತು ಎಂಬುದು ಮೊದಲ ದಿನವೇ ಬರಹಕ್ಕೆ ಬಂದಿದ್ದರೆ ಮುಂದಿನ ವಾದಕ್ಕೆ ಎಡೆ ಕಡಮೆ.

ದಾಖಲೆಯಲ್ಲಿ ಇರಬೇಕಾದುದು

ಪೆಟ್ಟಾದ ದಿನ ಮತ್ತು ವೇಳೆ, ಪೆಟ್ಟಾದ ಬಗೆ, ಮಣಿಯ ಸಂಖ್ಯೆ, ಮುರಿತವು ಸರಿದಿದೆಯೇ ಇಲ್ಲವೇ, ಕೈಕಾಲುಗಳ ಬಲ, ಸ್ಪರ್ಶಜ್ಞಾನ, ಮೂತ್ರದ ಹತೋಟಿ ಇವೆಲ್ಲ ಇರಬೇಕು. ಹುರಿಯ ಗಾಯವನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಲ್ಲಿ ಅಳೆಯುವ ಅಂತರರಾಷ್ಟ್ರೀಯ ಕ್ರಮವಿದೆ: ‘ಎ’ ಎಂದರೆ ಪೂರ್ಣ ಗಾಯ, ‘ಇ’ ಎಂದರೆ ಬಲವೂ ಸ್ಪರ್ಶವೂ ಮೊದಲಿನಂತಾದುದು. ಗುದದ್ವಾರದ ಸ್ಪರ್ಶ ಮತ್ತು ಬಿಗಿಯನ್ನು ಪರೀಕ್ಷಿಸದೆ ಪೂರ್ಣ ಗಾಯವೆಂದು ಬರೆಯಕೂಡದು. ಸೇರಿದ ದಿನದ ದರ್ಜೆಯೂ ಬಿಡುಗಡೆಯ ದಿನದ ದರ್ಜೆಯೂ ಇದ್ದರೆ ರೋಗಿ ಸುಧಾರಿಸಿದನೋ ಇಲ್ಲವೋ ತಿಳಿಯುತ್ತದೆ.

ಚೆನ್ನೈ, ಹೈದರಾಬಾದುಗಳಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗೆ ಸಂಕೇತ ಬರೆಯುವವರು ಎರಡು ಮಾತು ನೆನಪಿಡಬೇಕು. ೨೦೧೫ರ ಅಕ್ಟೋಬರ್ ೧ರಿಂದ ಅಲ್ಲಿ ಬಳಕೆಯಲ್ಲಿರುವ ಪಟ್ಟಿಯಲ್ಲಿ ಮುರಿತಕ್ಕಿಂತ ಮೊದಲು ಹುರಿಯ ಗಾಯವನ್ನು ಬರೆಯಬೇಕೆಂಬ ಸೂಚನೆಯಿದೆ. ಚಿಕಿತ್ಸೆ ಯಾವ ಹಂತದಲ್ಲಿದೆಯೆಂಬುದನ್ನು ಏಳನೆಯ ಅಕ್ಷರ ತಿಳಿಸುತ್ತದೆ. ಎಲ್ಲಿಯೇ ಆಗಲಿ, ವೈದ್ಯರು ಬರೆಯದ ರೋಗವನ್ನು ಸಂಕೇತಗಾರನು ಊಹಿಸಿ ಬರೆಯಬಾರದು. ಸಂದೇಹ ಬಂದರೆ ವೈದ್ಯರನ್ನೇ ಕೇಳತಕ್ಕದ್ದು.

ಮನೆಯವರು ಮಾಡಬೇಕಾದುದು

ಆಸ್ಪತ್ರೆ ಬಿಡುವ ಮುನ್ನ ಕಾಗದವನ್ನು ಓದಿಸಿಕೊಳ್ಳಿ. ಮಣಿಯ ಸಂಖ್ಯೆಯೋ ಅಪಘಾತದ ವಿವರವೋ ಬಿಟ್ಟಿದ್ದರೆ ವಿನಯದಿಂದ ಕೇಳಿ ಬರೆಯಿಸಿರಿ. ಇಲ್ಲದ್ದನ್ನು ಬರೆಯಿರೆಂದು ಮಾತ್ರ ಕೇಳಬೇಡಿ. ೨೦೦೨ರ ವೈದ್ಯಕೀಯ ನಡವಳಿಕೆಯ ನಿಯಮಗಳಂತೆ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಕಾದಿರಿಸಬೇಕು. ರೋಗಿ ಕೇಳಿದರೆ ೭೨ ಗಂಟೆಗಳೊಳಗೆ ಕೊಡಬೇಕು. ಪ್ರತಿಯನ್ನು ಬೇಗನೆ ಪಡೆದು, ಎಕ್ಸ್‌ರೇ ಚಿತ್ರಗಳೊಡನೆ ಜೋಪಾನವಾಗಿಡಿ. ಬಲಗುಂದಿದ ಕೈಗೆ ಮುಂದೆ ಆಧಾರವಾಗುವುದು ಈ ಕಾಗದವೇ.