ದೂರದ ದಾರಿಗೆ ಹಳೆಯ ಕಾರು

ಜಾತ್ರೆಗೆ ಹೊರಡುವ ಹಿಂದಿನ ದಿನ ರೈತನು ಗಾಡಿಯನ್ನು ಅಂಗಳಕ್ಕೆ ಎಳೆದು ನಿಲ್ಲಿಸುತ್ತಿದ್ದನು. ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದನು; ಕಡಾಣಿ ಭದ್ರವಾಗಿದೆಯೇ ಎಂದು ನೋಡುತ್ತಿದ್ದನು; ಎತ್ತಿನ ಲಾಳ ಸವೆದಿದ್ದರೆ ಹೊಸದನ್ನು ಕಟ್ಟಿಸುತ್ತಿದ್ದನು. ಗಾಡಿಗೆ ಬಣ್ಣ ಬಳಿಯುವುದೂ ಕೊಂಬಿಗೆ ಕುಚ್ಚು ಕಟ್ಟುವುದೂ ಆಮೇಲಿನ ಮಾತು. ಎತ್ತಿನ ಗಾಡಿಯ ಕಾಲ ಬಹುಮಟ್ಟಿಗೆ ಮುಗಿದಿದೆ. ಆದರೆ ಅದನ್ನು ಹೂಡುತ್ತಿದ್ದವರ ವಿವೇಕ ಮೋಟಾರು ವಾಹನದ ಕಾಲಕ್ಕೂ ಸಲ್ಲುತ್ತದೆ.

ಮೋಟಾರು ಕಾರಿನಲ್ಲಿ ದೂರದ ಪ್ರಯಾಣವನ್ನು ಮೊದಲು ಕೈಗೊಂಡವರು ಒಬ್ಬ ಮಹಿಳೆ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ತಾ ಬೆಂಜ್ ಅವರು ತಮ್ಮ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಚಕ್ರಗಳ ವಾಹನದಲ್ಲಿ, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ದೂರ ನೂರು ಕಿಲೋಮೀಟರಿಗೂ ಹೆಚ್ಚು. ಇಂಧನ ಮುಗಿದಾಗ ಔಷಧದಂಗಡಿಯಲ್ಲಿ ಕೊಂಡರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದರು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದರು. ದಾರಿ ದೂರವಾದಷ್ಟೂ ಯಂತ್ರದ ಕೊರತೆಗಳು ಹೊರಬೀಳುತ್ತವೆ ಎಂಬ ಮೊದಲ ಪಾಠವನ್ನು ಲೋಕವು ಆ ಪಯಣದಿಂದ ಕಲಿಯಿತು.

ನಮ್ಮ ದೇಶದಲ್ಲಿ ಬಹುಕಾಲ ಮನೆಮಾತಾಗಿದ್ದ ಕಾರು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿ, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿದ್ದ ಹಿಂದೂಸ್ಥಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1957-58ರ ವೇಳೆಗೆ ಅದರ ತಯಾರಿಕೆ ಆರಂಭವಾಯಿತು; 2014ರಲ್ಲಿ ನಿಂತಿತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಅಂತಹ ಕಾರುಗಳನ್ನು ಜೋಪಾನವಾಗಿ ಉಳಿಸಿಕೊಂಡಿರುವವರು ಇಂದಿಗೂ ಇದ್ದಾರೆ.

ಹಲಸೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆ ಕೊಂಡಿದ್ದ ಅಂಬಾಸಿಡರ್ ಕಾರು ಮಗನ ಕಾಲಕ್ಕೂ ಮನೆಯ ಮುಂದೆ ನಿಂತಿದೆ. ಅದನ್ನು ಒಮ್ಮೆ ಅದರ ಹುಟ್ಟೂರಾದ ಉತ್ತರಪಾಡಾಕ್ಕೆ ಕೊಂಡೊಯ್ಯಬೇಕೆಂಬುದು ಯಜಮಾನರ ಆಸೆ. ಹೋಗಬೇಕಾದ ದೂರ ಸುಮಾರು ಎರಡು ಸಾವಿರ ಕಿಲೋಮೀಟರ್. ಜೊತೆಗೆ ಹೊರಡುವವರು ಮಡದಿ ಮತ್ತು ಮೊಮ್ಮಗಳು. ಯಜಮಾನರು ಕಾರನ್ನು ಶಿವಾಜಿನಗರದ ಮೆಕ್ಯಾನಿಕ್ ಒಬ್ಬರ ಬಳಿಗೆ ಒಯ್ಯುತ್ತಾರೆ. ಹಳೆಯ ವಾಹನಗಳ ಬಿಡಿಭಾಗಗಳಿಗೂ ಅವುಗಳನ್ನು ಬಲ್ಲ ಕೈಗಳಿಗೂ ಶಿವಾಜಿನಗರದ ಗುಜರಿ ಅಂಗಡಿಗಳ ಬೀದಿಗಳು ಹೆಸರಾಗಿವೆ.

"ಭಾಯಿ, ಹೊಸ ಬಣ್ಣ ಹೊಡೆಸಬೇಕು. ಸೀಟುಗಳಿಗೆ ಹೊಸ ಹೊದಿಕೆ ಹಾಕಿಸಬೇಕು. ಇಷ್ಟು ಸಾಕಲ್ಲವೇ?" ಎಂದು ಯಜಮಾನರು ಕೇಳುತ್ತಾರೆ.

ವಯಸ್ಸಾದ ಮೆಕ್ಯಾನಿಕ್ ಕಾರಿನ ಕೆಳಗೆ ಬಗ್ಗಿ ನೋಡಿ, ಒಂದು ಚಕ್ರದ ಒಳಬದಿಯನ್ನು ಬೆರಳಿನಿಂದ ಸವರುತ್ತಾರೆ. ಬೆರಳು ಒದ್ದೆಯಾಗಿದೆ.

"ಸಾರ್, ಇದು ನೀರಲ್ಲ, ಬ್ರೇಕ್ ಆಯಿಲ್. ಕಾರು ಓಡದಿದ್ದರೆ ನೀವು ಮನೆಯಲ್ಲಿ ಇರುತ್ತೀರಿ. ಕಾರು ನಿಲ್ಲದಿದ್ದರೆ ಎಲ್ಲಿ ಇರುತ್ತೀರಿ? ಪಲಮನೇರಿನ ಆಚೆ ಮೊಗಿಲಿ ಘಾಟಿ ಇಳಿಯಬೇಕು. ಬಣ್ಣದ ಹಣವನ್ನು ಮೊದಲು ಬ್ರೇಕಿಗೆ ಹಾಕಿ."

ಈ ಮಾತಿನ ಹಿಂದಿರುವ ವಿಜ್ಞಾನವನ್ನು ತಿಳಿಯುವುದು ಅಗತ್ಯ. ಬ್ರೇಕ್ ಆಯಿಲ್ ಎಂದು ಜನ ಕರೆಯುವುದು ವಾಸ್ತವವಾಗಿ ಎಣ್ಣೆಯಲ್ಲ. ಕಾಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವ ಒಂದು ದ್ರವ. ಅದು ಗಾಳಿಯಲ್ಲಿರುವ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕು ಒತ್ತಿದಾಗ ಚಕ್ರಗಳಲ್ಲಿ ಬಹಳ ಶಾಖ ಹುಟ್ಟಿ, ತೇವ ಸೇರಿದ ದ್ರವವು ಕುದಿದು ಆವಿಯಾಗುತ್ತದೆ. ದ್ರವವನ್ನು ಹಿಚುಕಿ ಚಿಕ್ಕದಾಗಿಸಲು ಆಗದು, ಆವಿಯನ್ನು ಹಿಚುಕಬಹುದು. ಆಗ ಕಾಲಿನ ಒತ್ತಡವೆಲ್ಲ ಆವಿಯನ್ನು ಹಿಚುಕುವುದರಲ್ಲೇ ವ್ಯರ್ಥವಾಗಿ, ಪೆಡಲು ತಳ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಅಷ್ಟೇ ಅಲ್ಲದೆ, ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವವ್ಯವಸ್ಥೆ. ಒಂದು ಕಡೆ ಸೋರಿದರೆ ನಾಲ್ಕು ಕಡೆಯೂ ಬಲ ಕುಂದುತ್ತದೆ. ಆದ್ದರಿಂದ ಸವೆದ ರಬ್ಬರು ಬಿಲ್ಲೆಗಳನ್ನೂ ಲೈನಿಂಗುಗಳನ್ನೂ ಬದಲಿಸಿ, ಹಳೆಯ ದ್ರವವನ್ನೆಲ್ಲ ಹೊರಹಾಕಿ ಹೊಸದನ್ನು ತುಂಬಬೇಕು. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಸಾಗಿದರೆ ಎಂಜಿನ್ನೇ ಕಾರನ್ನು ಹಿಡಿದು, ಬ್ರೇಕಿನ ಹೊರೆಯನ್ನು ಇಳಿಸುತ್ತದೆ.

ಬ್ರೇಕಿನ ನಂತರ ಟಯರು. ಟಯರಿನ ಗೆರೆಗಳು ಆಳವಾಗಿದ್ದರೆ ಸಾಲದು. ಓಡದೆ ನಿಂತ ಕಾರಿನಲ್ಲಿಯೂ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಟಯರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. 2219 ಎಂದಿದ್ದರೆ ಅದು 2019ನೆಯ ವರ್ಷದ 22ನೆಯ ವಾರದ ಟಯರು ಎಂದರ್ಥ. ಸ್ಟೆಪ್ನಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಆಪತ್ಕಾಲಕ್ಕೆಂದು ಇಟ್ಟುಕೊಂಡದ್ದು ಆಪತ್ತಿಗೆ ಒದಗದಿದ್ದರೆ ಏನು ಫಲ?

ಮೂರನೆಯದು ಎಂಜಿನ್ನನ್ನು ತಂಪಾಗಿಡುವ ವ್ಯವಸ್ಥೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ತಂಪಿನಲ್ಲಿ ಮರೆಯಾಗಿರುವ ದೋಷಗಳು ಆಂಧ್ರದ ಕರಾವಳಿಯ ಸೆಕೆಯಲ್ಲಿ ಬಯಲಾಗುತ್ತವೆ. ರೇಡಿಯೇಟರಿನ ಒಳಗೆ ಕಟ್ಟಿಕೊಂಡ ತುಕ್ಕನ್ನು ತೊಳೆಯಿಸಿ, ಗಟ್ಟಿಯಾದ ರಬ್ಬರು ಕೊಳವೆಗಳನ್ನು ಬದಲಿಸಬೇಕು. ಫ್ಯಾನ್ ಬೆಲ್ಟ್ ಹರಿದರೆ ನೀರಿನ ಪಂಪು ನಿಲ್ಲುತ್ತದೆ. ಬ್ಯಾಟರಿಗೆ ವಿದ್ಯುತ್ತು ಸಿಗುವುದಿಲ್ಲ. ಎಂಜಿನ್ ಕಾದು ಆವಿ ಏಳುತ್ತಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗಿನ ಕುದಿನೀರು ಚಿಮ್ಮಿ ಮುಖ ಸುಟ್ಟೀತು.

ಇಂಧನದ ಕೊಳವೆಗಳಿಗೂ ಗಮನ ಬೇಕು. ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಅಂತಹ ಇಂಧನವನ್ನು ಕಾಣದಿದ್ದ ಕಾಲದ ರಬ್ಬರು ಅದರಿಂದ ಹಾಳಾಗಿ ಸೋರಬಹುದು. ಸೋರಿದ ಪೆಟ್ರೋಲು, ಕಾದ ಎಂಜಿನ್ ಇವೆರಡೂ ಸೇರಿದರೆ ಬೆಂಕಿಗೆ ಬೇರೆ ಕಾರಣ ಬೇಕಿಲ್ಲ. ಎಂಜಿನ್ ಆಯಿಲ್ ಬದಲಿಸುವುದು, ಕೀಲುಗಳಿಗೆ ಗ್ರೀಸ್ ತುಂಬುವುದು, ದೀಪಗಳನ್ನು ಪರೀಕ್ಷಿಸುವುದು, ಸೀಟ್ ಬೆಲ್ಟ್ ಇಲ್ಲದಿದ್ದರೆ ಹಾಕಿಸುವುದು ಇವೂ ಮರೆಯಬಾರದ ಕೆಲಸಗಳು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸಿರಬೇಕು; ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳು ಜೊತೆಗಿರಬೇಕು.

ಎಲ್ಲ ದುರಸ್ತಿಯೂ ಮುಗಿದ ಮರುದಿನವೇ ಹೊರಡುವುದು ಜಾಣತನವಲ್ಲ. ದುರಸ್ತಿಯೂ ಪರೀಕ್ಷೆಗೆ ಒಳಪಡಬೇಕು. ಯಜಮಾನರು ಮೆಕ್ಯಾನಿಕ್‌ನ ಸಲಹೆಯಂತೆ ಹಳೆಯ ಮದರಾಸು ರಸ್ತೆಯಲ್ಲಿ ಕೋಲಾರದವರೆಗೆ ಹೋಗಿ ಬರುತ್ತಾರೆ. ಹೋಗಿ ಬರುವ ದೂರ ಸುಮಾರು 140 ಕಿಲೋಮೀಟರ್. ಕೃಷ್ಣರಾಜಪುರದ ವಾಹನದಟ್ಟಣೆಯಲ್ಲಿ ಕಾರು ಕಾಯುತ್ತದೆಯೇ, ಹೊಸಕೋಟೆಯಾಚೆಯ ವೇಗದಲ್ಲಿ ಚಕ್ರ ಅದುರುತ್ತದೆಯೇ ಎಂದು ಗಮನಿಸುತ್ತಾರೆ. ಮರಳಿದ ಮೇಲೆ ಕಾರಿನ ಕೆಳಗೆ ಹಳೆಯ ಪತ್ರಿಕೆಯನ್ನು ಹಾಸುತ್ತಾರೆ. ಬೆಳಗ್ಗೆ ನೋಡಿದರೆ ಒಂದು ಮೂಲೆಯಲ್ಲಿ ನೀರಿನ ನಾಲ್ಕು ಹನಿ! ಕೊಳವೆಯ ಪಟ್ಟಿಯೊಂದು ಸಡಿಲವಾಗಿತ್ತು. ಹಲಸೂರಿನ ಅಂಗಳದಲ್ಲಿ ಒಂದು ತಿರುಪಿನಿಂದ ಮುಗಿದ ಕೆಲಸವು ನೆಲ್ಲೂರಿನ ನಡುಹಗಲಿನಲ್ಲಿ ದೊಡ್ಡ ವಿಪತ್ತಾಗುತ್ತಿತ್ತು.

ಒಂದು ಮುಂಜಾವಿನಲ್ಲಿ ಕಾರು ಹೊರಡುತ್ತದೆ. ಬಣ್ಣ ಹಳೆಯದೇ, ಹೊದಿಕೆಯೂ ಹಳೆಯದೇ. ಹಿಂಬದಿಯ ಡಿಕ್ಕಿಯಲ್ಲಿ ಬೆಲ್ಟ್, ಕೊಳವೆ, ಪ್ಲಗ್ಗು, ಜಾಕು, ಹಗ್ಗ, ನೀರಿನ ಕ್ಯಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳಿವೆ. ಇಂದಿರಾನಗರವನ್ನು ಬಲಕ್ಕೆ ಬಿಟ್ಟು, ಕೃಷ್ಣರಾಜಪುರದ ತೂಗುಸೇತುವೆಯನ್ನು ದಾಟಿ ಅದು ಪೂರ್ವಕ್ಕೆ ಸಾಗುತ್ತದೆ. ಎರಡು ಗಂಟೆಗೊಮ್ಮೆ ಯಜಮಾನರು ಕಾರನ್ನೂ ತಮ್ಮನ್ನೂ ವಿಶ್ರಮಿಸಗೊಡುತ್ತಾರೆ. ಮೊಗಿಲಿ ಘಾಟಿಯ ಇಳಿಜಾರಿನಲ್ಲಿ ಲಾರಿಯೊಂದು ಥಟ್ಟನೆ ಮುಂದೆ ನಿಲ್ಲುತ್ತದೆ. ಯಜಮಾನರು ಬ್ರೇಕು ಒತ್ತುತ್ತಾರೆ. ಕಾರು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿದ್ದ ಮೊಮ್ಮಗಳಿಗೆ ಎಚ್ಚರವೂ ಆಗುವುದಿಲ್ಲ.

ಏನೂ ಆಗಲಿಲ್ಲ! ಒಳ್ಳೆಯ ಸಿದ್ಧತೆಯ ಫಲ ಹೀಗೆಯೇ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪದಗಳ ಅರ್ಥ
ಅಚ್ಚು – ಚಕ್ರಗಳನ್ನು ಕೂಡಿಸುವ ದಂಡ. ಕಡಾಣಿ – ಚಕ್ರ ಕಳಚದಂತೆ ತಡೆಯುವ ಮೊಳೆ. ದಂಡು – ಸೈನ್ಯ ಬೀಡುಬಿಟ್ಟ ಪ್ರದೇಶ. ತೊಗಲು – ಚರ್ಮ

ಅಭ್ಯಾಸ
ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. ಬರ್ತಾ ಬೆಂಜ್ ಅವರು ಇಂಧನವನ್ನು ಎಲ್ಲಿ ಕೊಂಡರು?
2. ಟಯರಿನ ಮೇಲೆ 2219 ಎಂದಿದ್ದರೆ ಅರ್ಥವೇನು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ತೇವ ಸೇರಿದ ಬ್ರೇಕ್ ದ್ರವದಿಂದ ಒದಗುವ ಅಪಾಯವೇನು?
2. ಕೋಲಾರದ ಪರೀಕ್ಷಾ ಪ್ರಯಾಣದಿಂದ ಆದ ಪ್ರಯೋಜನವೇನು?

ಇ. ಸಂದರ್ಭ ಸೂಚಿಸಿ ವಿವರಿಸಿ.
"ಬಣ್ಣದ ಹಣವನ್ನು ಮೊದಲು ಬ್ರೇಕಿಗೆ ಹಾಕಿ."

ಈ. ಬಿಡಿಸಿ ಸಂಧಿಯನ್ನು ಹೆಸರಿಸಿ: ಕೀಲೆಣ್ಣೆ, ಹುಟ್ಟೂರು.