ಕೈಗೆ ಬಂದದ್ದು ಕೈಯಲ್ಲಿ ಉಳಿಯಬೇಕಲ್ಲ, ತಮ್ಮಾ

"ಸ್ಮಾರ್ಟ್‌ವಾಚು ಇನ್ನು ಮುಂದೆ ಎಲ್ಲರ ಕೈಗೂ ಬರ್ತದೇನು ಮುತ್ಯಾ?" ಅಂತ ಕೇಳಿದೆಯಲ್ಲ, ಪ್ರಶ್ನೆ ಚಲೋ ಇದೆ, ತುಸು ತಡವಾಗಿದೆ ಅಷ್ಟೆ. ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ತಾಸು ಕೂತು ನೋಡು. ಕಾಲೇಜು ಹುಡುಗ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವ, ರಿಚಾರ್ಜ್ ಅಂಗಡಿಯವ, ಗಾಣಗಾಪುರಕ್ಕೆ ಹೊರಟ ಭಕ್ತ, ಯಾರ ಮುಂಗೈ ನೋಡಿದರೂ ಆ ಕರಿ ಗಾಜಿನ ಚೌಕ. ನಮ್ಮೂರು ಸೊನ್ನಕ್ಕೇ ಬಂದ ಮೇಲೆ ಇನ್ನು ಎಲ್ಲಿಗೆ ಬರಬೇಕು? ನೀನು ಕೇಳಬೇಕಾದದ್ದು ಬೇರೆ. ಬಂದದ್ದು ಉಳಿಯುತ್ತದೇನು ಅಂತ ಕೇಳು. ಅದಕ್ಕೆ ನನ್ನ ಹತ್ತಿರ ಒಂದೆರಡು ಮಾತಿವೆ. ಫೋನು ಕೆಳಗಿಡು, ಹೇಳುತ್ತೇನೆ.

ಇಂಥ ಲೆಕ್ಕ ಇಡುವ ಐಡಿಸಿ ಎಂಬ ಸಂಸ್ಥೆ ಇದೆ. ಅದರ ಪ್ರಕಾರ 2023ರಲ್ಲಿ ನಮ್ಮ ದೇಶದ ಪೇಟೆಗೆ ಇಳಿದ ಸ್ಮಾರ್ಟ್‌ವಾಚು ಸುಮಾರು 5 ಕೋಟಿ 34 ಲಕ್ಷ. ಅದರ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜಾಸ್ತಿ. ನಿನ್ನಂಥವರೆಲ್ಲ ಕುಣಿದಾಡಿದರು. ಮರುವರ್ಷ ಅದು ಮೂರೂವರೆ ಕೋಟಿಗೆ ಬಂತು. ಮೂರರಲ್ಲಿ ಒಂದು ಪಾಲು ಮಾಯ! ಯಾಕೆ ಅಂತ ತಿಳಿಯಲು ನೀನು ದಿಲ್ಲಿಗೆ ಹೋಗಬೇಕಿಲ್ಲ, ನಮ್ಮ ಓಣಿಯ ಮನೆಗಳ ಟಿವಿ ಸ್ಟ್ಯಾಂಡು ನೋಡಿದರೆ ಸಾಕು. ಎರಡು ಸಾವಿರಕ್ಕೋ ದೀಪಾವಳಿ ಆಫರಿನಲ್ಲಿ ಅದಕ್ಕೂ ಕಡಿಮೆಗೋ ಸಿಕ್ಕಿತು ಅಂತ ಕೊಂಡರು. ಅದರ ಚಾರ್ಜರ್ ಬಹಳ ಸಲ ಇನ್ನೊಂದು ವಾಚಿಗೆ ಕೂಡುವುದಿಲ್ಲ. ಎರಡು ಮುಳ್ಳಿನ ಆ ಪುಟ್ಟ ಅಯಸ್ಕಾಂತದ ತುಂಡು ಕಳೆದ ದಿನ ವಾಚಿನ ಆಯುಷ್ಯವೂ ಮುಗಿಯಿತು. ಬೆಲ್ಟು ಹರಿದರಂತೂ ಕೇಳುವುದೇ ಬೇಡ. ಮೊದಲನೆಯದನ್ನು ಹುರುಪಿಗೆ ಕೊಂಡರು, ಎರಡನೆಯದನ್ನು ಕೊಳ್ಳುವ ಹೊತ್ತಿಗೆ "ಇದರಿಂದ ನನಗೇನಾಯಿತು?" ಅಂತ ಕೇಳಿಕೊಂಡರು. ಉತ್ತರ ಸಿಗದವರು ಸುಮ್ಮನಾದರು.

ನಮ್ಮ ಕಾಲದ ವಾಚಿನ ಕತೆ ಕೇಳು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈ ಹಿಡಿದು ಎಚ್‌ಎಂಟಿಯವರು ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಹಾಕಿದರು. ಮೊದಮೊದಲು ಅದೂ ಸಾಹೇಬರ ಸೊತ್ತೇ. ನಮ್ಮ ಕಡೆ ಅದನ್ನು ಮನೆಮನೆಗೆ ತಂದವರು ಅಳಿಯಂದಿರು! ವಾಚು, ಸೈಕಲ್ಲು, ರೇಡಿಯೊ, ಈ ಮೂರರಲ್ಲಿ ಒಂದು ತಪ್ಪಿದರೂ ಹಂದರದಲ್ಲಿ ಮುಖ ಊದಿಸಿಕೊಂಡು ಕೂಡುವ ಮದುಮಗಂದಿರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಚಲೋ ಪದ್ಧತಿ ಅಂತ ನಾನು ಹೇಳುತ್ತಿಲ್ಲ, ಎಷ್ಟೋ ಹೆಣ್ಣು ಹೆತ್ತ ಅಪ್ಪಂದಿರು ಅದಕ್ಕಾಗಿ ಹೊಲ ಒತ್ತೆಯಿಟ್ಟರು. ಆದರೆ ಕೈಗೆ ಬಂದ ಆ ವಾಚು ಸಾಯುವ ತನಕ ಕೈ ಬಿಡುತ್ತಿರಲಿಲ್ಲ ನೋಡು. ಎಚ್‌ಎಂಟಿ ಜನತಾ ಕಟ್ಟಿದವ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಚಾವಿ ಕೊಡುತ್ತಿದ್ದ. ಹೆಬ್ಬೆರಳು, ತೋರುಬೆರಳಿನ ನಡುವೆ ಆ ಪುಟ್ಟ ತಿರುಪನ್ನು ಹಿಡಿದು ತಿರುವುವುದು, ಬಿಗಿ ಬಂತು ಅನ್ನಿಸಿದಾಗ ನಿಲ್ಲಿಸುವುದು, ಕಿವಿಗೆ ಹಿಡಿದು ಒಮ್ಮೆ ಕೇಳುವುದು. ಕೆಟ್ಟರೆ ಸಂತೆಯ ದಿನ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತ ರಿಪೇರಿಯವ ಇದ್ದ. ಎಣ್ಣೆ ಹಾಕಿಸಿ, ಗಾಜು ಬದಲಿಸಿ ಮತ್ತೆ ಕಟ್ಟಿಕೊಂಡು ಬರುತ್ತಿದ್ದರು. ಅದಕ್ಕೆ ಇದ್ದದ್ದು ಒಂದೇ ಕೆಲಸ, ಆ ಕೆಲಸ ಎಲ್ಲರಿಗೂ ಬೇಕಿತ್ತು.

ಆಮೇಲೆ 1984ರಲ್ಲಿ ಟೈಟಾನ್ ಹುಟ್ಟಿತು, ಹೊಸೂರಿನಲ್ಲಿ ಕಾರ್ಖಾನೆ ಮಾಡಿತು. ಸೆಲ್ ಹಾಕಿದರೆ ಆಯಿತು, ಚಾವಿ ಕೊಡುವ ಗೋಜಿಲ್ಲ. ಎಚ್‌ಎಂಟಿ ಸೊರಗುತ್ತ ಸೊರಗುತ್ತ ಹೋಗಿ, 2016ರಲ್ಲಿ ಕೇಂದ್ರ ಸರ್ಕಾರ ಅದರ ವಾಚಿನ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ಅಷ್ಟರಲ್ಲಿ ಮೊಬೈಲು ಬಂದು, ಸಮಯ ನೋಡಲು ವಾಚೇ ಬೇಡವಾಗಿತ್ತು. ಹಾಗೆ ಖಾಲಿ ಬಿದ್ದ ಮುಂಗೈಯನ್ನು ಈ ಹೊಸಬರು ಹಿಡಿದರು. 2012ರಲ್ಲಿ ಪೆಬ್ಬಲ್ ಎಂಬ ಸಣ್ಣ ಕಂಪನಿ ಜನರಿಂದಲೇ ಮುಂಗಡ ರೊಕ್ಕ ಎತ್ತಿ ಶುರು ಮಾಡಿತು, 2015ರಲ್ಲಿ ಆಪಲ್ ಬಂತು, ಅದರ ಬೆನ್ನಿಗೆ ನಮ್ಮ ನಾಯ್ಸ್, ಬೋಟ್, ಫೈರ್‌ಬೋಲ್ಟ್ ಅಗ್ಗದವನ್ನು ತಂದವು. ಅಗ್ಗವಾದದ್ದಕ್ಕೇ ನಿನ್ನ ತನಕ ಬಂತು, ಅದನ್ನು ಮರೆಯಬೇಡ.

ಈಗ ಹೆಜ್ಜೆಯ ವಿಚಾರ. "ಇವತ್ತು ಹನ್ನೆರಡು ಸಾವಿರ ಆಯ್ತು ಮುತ್ಯಾ" ಅಂತ ವಾಚು ಕಟ್ಟಿದ ನಿನ್ನ ಗೆಳೆಯರು ಸಂಜೆ ಬಂದು ಬೀಗುತ್ತಾರಲ್ಲ! ಆ ವಾಚಿನೊಳಗೆ ಅಲುಗಾಟ ಅಳೆಯುವ ಒಂದು ಚಿಪ್ಪಿದೆ. ಕೈ ಒಂದೇ ಲಯದಲ್ಲಿ ಆಡಿದರೆ ಹೆಜ್ಜೆ ಅಂತ ಬರೆದುಕೊಳ್ಳುತ್ತದೆ. ನಿನಗೆ ನಂಬಿಕೆ ಬರದಿದ್ದರೆ ನಾಳೆ ನಿಮ್ಮವ್ವ ಜೋಳದ ರೊಟ್ಟಿ ಬಡಿಯುವಾಗ ಅವಳ ಕೈಗೆ ಕಟ್ಟಿ ನೋಡು. ಒಲೆಯ ಮುಂದೆ ಕೂತಲ್ಲೇ ಅವಳು ಊರು ಸುತ್ತಿ ಬಂದಿರುತ್ತಾಳೆ. ಅದೇ ವಾಚನ್ನು ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸಿಗೆ ಕಟ್ಟು. ಕುಕ್ಕರಗಾಲಲ್ಲಿ ಕೂತು ಕುರ್ಪಿ ಹಿಡಿದು ಸಾಲು ಸಾಲು ಸರಿಯುವ ಅವಳು ದಿನವಿಡೀ ಸೊಂಟ ಮುರಿದುಕೊಂಡರೂ ಅದು ಹೆಜ್ಜೆ ಕೊಡಲು ಹಿಂದೆಮುಂದೆ ನೋಡುತ್ತದೆ, ಮೇಲಿಂದ "ಎದ್ದು ಸ್ವಲ್ಪ ಅಡ್ಡಾಡಿ" ಅಂತ ಬುದ್ಧಿ ಹೇಳುತ್ತದೆ! ಆಕೆಯ ಬಾಯಿಂದ ಬರುವ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಕುರ್ಚಿಯ ಮೇಲೆ ಕೂತು ದುಡಿಯುವ ಶಹರದವರಿಗಾಗಿ ಮಾಡಿದ ಯಂತ್ರ ಅದು. ನಮ್ಮ ಬೆವರಿನ ಲೆಕ್ಕ ಅದಕ್ಕಿನ್ನೂ ಬರುವುದಿಲ್ಲ. ಇನ್ನು ಹತ್ತು ಸಾವಿರ ಎಂಬ ಆ ಗುರಿ ಎಲ್ಲಿಂದ ಬಂತು ಗೊತ್ತೇನು? 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರುವವರು ತಮ್ಮ ಸಾಮಾನಿಗೆ ಇಟ್ಟ ಹೆಸರಿನಿಂದ. ಡಾಕ್ಟರು ಅಳೆದು ಕೊಟ್ಟದ್ದಲ್ಲ. ನಡೆಯುವುದು ಚಲೋ, ನಡೆ. ಆದರೆ ಒಂಬತ್ತು ಸಾವಿರದ ಒಂಬೈನೂರಕ್ಕೆ ನಿಂತಿತು ಅಂತ ರಾತ್ರಿ ಅಂಗಳದಲ್ಲಿ ಕೈ ಬೀಸುತ್ತ ನಿಲ್ಲಬೇಡ, ನಾಯಿಗಳು ಬೊಗಳುತ್ತವೆ.

ಹಿಂಬದಿಯ ಹಸಿರು ದೀಪವನ್ನೂ ಒಮ್ಮೆ ತಿರುಗಿಸಿ ನೋಡು. ಆ ಬೆಳಕು ಚರ್ಮದೊಳಗೆ ಇಳಿಯುತ್ತದೆ, ರಕ್ತ ಅದನ್ನು ಹೀರುತ್ತದೆ. ಗುಂಡಿಗೆ ಒಮ್ಮೆ ಬಡಿದಾಗ ರಕ್ತನಾಳದಲ್ಲಿ ರಕ್ತ ಏರುತ್ತದೆ, ಮರಳುವ ಬೆಳಕು ಕಡಿಮೆಯಾಗುತ್ತದೆ. ಆ ಏರಿಳಿತ ಎಣಿಸಿ ನಾಡಿ ಹೇಳುತ್ತದೆ. ಬೆಲ್ಟು ಸಡಿಲಿದ್ದರೆ, ಬೆವರು ತುಂಬಿದ್ದರೆ, ಕೈ ಅಲುಗಿದರೆ ಲೆಕ್ಕ ತಪ್ಪುತ್ತದೆ. ತೀರಾ ಅಗ್ಗದ ಕೆಲವನ್ನು ನೀರಿನ ಬಾಟಲಿಗೆ ಕಟ್ಟಿದರೂ ಎಪ್ಪತ್ತೆರಡೋ ಎಂಬತ್ತೋ ತೋರಿಸುತ್ತವೆ. ಬಾಟಲಿಗೆ ಜೀವ ಇದೆ ಅಂತ ಖುಷಿಪಡಬೇಕೋ, ರೊಕ್ಕ ಹೋಯಿತು ಅಂತ ಅಳಬೇಕೋ ನೀನೇ ಹೇಳು. ಬೆರಳು ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತದೆ ಎನ್ನುವ ವಾಚನ್ನಂತೂ ಹತ್ತಿರ ಸೇರಿಸಬೇಡ. ಅಂಥವನ್ನು ನಂಬಬೇಡಿ, ಯಾವುದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿದೆ. ವಾಚು ನೋಡಿ ಇನ್ಸುಲಿನ್ ಹೆಚ್ಚುಕಡಿಮೆ ಮಾಡಿಕೊಂಡರೆ ಜೀವಕ್ಕೇ ಸಂಚಕಾರ.

ಗುಂಡಿಗೆಯ ಮಾತು ಬಂತಲ್ಲ, ಇಲ್ಲಿ ತಮಾಷೆ ಬೇಡ. 2021ರ ಅಕ್ಟೋಬರ್ 29ರಂದು ನಮ್ಮ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಹಳ್ಳಿಹಳ್ಳಿಯ ಹುಡುಗರು ಎದೆ ಮುಟ್ಟಿ ನೋಡಿಕೊಂಡರು. ಆಸ್ಪತ್ರೆಗಳ ಮುಂದೆ ಸಾಲು ಹತ್ತಿತು. ಎಷ್ಟೋ ಮಂದಿ ವಾಚು ಕಟ್ಟಿದ್ದು ಆ ಹೆದರಿಕೆಗೇ. ವಾಚಿನಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳಲಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ಆಪಲ್ ವಾಚು ಕಟ್ಟಿದ ನಾಲ್ಕು ಲಕ್ಷಕ್ಕೂ ಮೀರಿದ ಜನರನ್ನು ಹಿಡಿದು ನಡೆಸಿದ ಅಧ್ಯಯನ 2019ರಲ್ಲಿ ಹೊರಬಂತು. ಬಡಿತದ ಲಯ ತಪ್ಪಿದೆ ಅಂತ ಸೂಚನೆ ಹೋದದ್ದು ಸಾವಿರಕ್ಕೆ ಐದು ಮಂದಿಗೆ. ಅವರಲ್ಲಿ ಆಮೇಲೆ ಎದೆಗೆ ಪಟ್ಟಿ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದವರ ಪೈಕಿ ಮೂರರಲ್ಲಿ ಒಂದು ಪಾಲಿನಷ್ಟು ಜನರಿಗೆ ದೋಷ ಖರೆ ಕಂಡಿತು. ಕಡಿಮೆಯಲ್ಲ. ಆದರೆ ಲಯ ತಪ್ಪುವುದೇ ಬೇರೆ, ಹೃದಯಾಘಾತವೇ ಬೇರೆ. ಹೃದಯಾಘಾತವನ್ನು ತಮ್ಮ ವಾಚು ಕಂಡುಹಿಡಿಯಲಾರದು ಅಂತ ಆಪಲ್ಲಿನವರೇ ಬರೆದಿದ್ದಾರೆ. ಆಸ್ಪತ್ರೆಯ ಇಸಿಜಿ ಹನ್ನೆರಡು ದಿಕ್ಕಿನಿಂದ ನೋಡಿದರೆ ವಾಚಿನದು ಒಂದೇ ದಿಕ್ಕಿನಿಂದ.

ಆದ್ದರಿಂದ ಇದೊಂದನ್ನು ಗಟ್ಟಿಯಾಗಿ ಕೇಳಿಸಿಕೋ. ಮನೆಯಲ್ಲಿ ಯಾರಿಗಾದರೂ ಎದೆ ಹಿಡಿದು, ಎಡಗೈ ಸೆಳೆದು, ತಣ್ಣನೆ ಬೆವರಿದರೆ ವಾಚು ನೋಡುತ್ತ ಕೂಡಬೇಡ. ಅದು "ಎಲ್ಲ ಬರೋಬ್ಬರಿ ಇದೆ" ಅಂದರೂ ನಂಬಬೇಡ. ಗಾಡಿ ಹೊರಡಿಸು. ಪುನೀತ್ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಮೊದಲಿನಂತೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಿಲ್ಲ.

ನೀನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪರೀಕ್ಷೆಗೆ ಓದುತ್ತಿರುವವನು, ಅದಕ್ಕೆ ಇನ್ನೊಂದು ಮಾತು. 2021ರ ಆ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮದ ಕತೆ ನಿನಗೆ ಗೊತ್ತೇ ಇದೆ. ಅದರ ಗಾಯ ಮಾಯುವ ಮುಂಚೆ 2023ರ ಅಕ್ಟೋಬರ್‌ನಲ್ಲಿ ಕೆಇಎ ಪರೀಕ್ಷೆಯ ಕಲಬುರಗಿ, ಯಾದಗಿರಿ ಕೇಂದ್ರಗಳಲ್ಲಿ ಕೆಲವರು ಬ್ಲೂಟೂತ್ ಹಿಡಿದು ಸಿಕ್ಕಿಬಿದ್ದರು. ಯಂತ್ರದ ತಪ್ಪೇನಿಲ್ಲ, ಅಡ್ಡದಾರಿ ಹಿಡಿದವರು ಮನುಷ್ಯರು. ಆದರೆ ಫಲ ಉಂಡವರು ಯಾರು? ರಾತ್ರಿ ಎರಡರ ತನಕ ಓದಿದ ನಿನ್ನಂಥ ಬಡವರ ಮಕ್ಕಳು. ಈಗ ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ, ಸಾದಾ ವಾಚೂ ಬೇಡ. ಹೊತ್ತು ಎಷ್ಟಾಯಿತು ಅಂತ ನೋಡಲು ಗೋಡೆ ಗಡಿಯಾರವೇ ಗತಿ. ಅದಕ್ಕೇ ಹೇಳುತ್ತೇನೆ, ಅಣಕು ಪರೀಕ್ಷೆಗಳನ್ನು ಮುಂಗೈ ನೋಡದೆ ಬರೆದು ರೂಢಿ ಮಾಡಿಕೋ. ಎಷ್ಟು ಪ್ರಶ್ನೆಗೆ ಎಷ್ಟು ಹೊತ್ತು ಎಂಬುದು ತಲೆಯಲ್ಲೇ ಓಡಬೇಕು. ಕೇಂದ್ರದ ಬಾಗಿಲಲ್ಲಿ ವಾಚು ಬಿಚ್ಚಿಸಿದಾಗ ಕೈಕಾಲು ತಣ್ಣಗಾಗಬಾರದು.

ಇಷ್ಟೆಲ್ಲ ಬೈದ ಮೇಲೆ "ಹಂಗಾರ ಬ್ಯಾಡ ಅಂತೀಯೇನು ಮುತ್ಯಾ?" ಅಂತ ಮುಖ ಸಣ್ಣ ಮಾಡಬೇಡ. ಬೇಡ ಅನ್ನುತ್ತಿಲ್ಲ. ಅದಕ್ಕೊಂದು ಕೆಲಸ ಹಚ್ಚು ಅನ್ನುತ್ತಿದ್ದೇನೆ. ನಿಮ್ಮಪ್ಪ ನದಿ ದಂಡೆಯಲ್ಲಿ ಪಂಪು ನೋಡಲು ಹೋದಾಗ ಫೋನನ್ನು ಚೀಲದಲ್ಲಿಟ್ಟು ಬೇವಿನ ಗಿಡಕ್ಕೆ ತೂಗಿಹಾಕುತ್ತಾನೆ. ಮಹಾರಾಷ್ಟ್ರದಲ್ಲಿ ಉಜನಿಯಿಂದ ನೀರು ಬಿಟ್ಟರೆ ಭೀಮೆ ಏರುತ್ತಾಳೆ, ಸೊನ್ನ ಬ್ಯಾರೇಜಿನ ಗೇಟು ಎತ್ತುತ್ತಾರೆ. 2020ರ ಅಕ್ಟೋಬರ್‌ನ ನೆರೆಯಲ್ಲಿ ದಂಡೆಯ ಊರುಗಳು ಪಟ್ಟ ಪಾಡು ನಿನಗೂ ನೆನಪಿದೆ. ಅಂಥ ಹೊತ್ತಿನಲ್ಲಿ ಗಿಡಕ್ಕೆ ತೂಗಿದ ಫೋನು ಎಷ್ಟು ಹೊಡೆದುಕೊಂಡರೇನು? ಮುಂಗೈ ಒಮ್ಮೆ ಜುಂ ಅಂದರೆ ಆತ ತಿರುಗಿ ನೋಡುತ್ತಾನೆ. ಫೋನಿನಿಂದ ಬಹಳ ದೂರ ಹೋದರೆ ವಾಚೂ ಮೂಕ, ಅದನ್ನೂ ಆತನಿಗೆ ತಿಳಿಸಿ ಹೇಳು. ನಿಮ್ಮಜ್ಜಿಗೆ ಮೂರು ಹೊತ್ತಿನ ಗುಳಿಗೆ ನೆನಪಿಸಲಿ, ಅದೂ ಕೆಲಸವೇ. ಇಂಥ ಒಂದೊಂದು ಕೆಲಸ ಸಿಕ್ಕ ಮನೆಯಲ್ಲಿ ಅದು ಉಳಿಯುತ್ತದೆ, ಸಿಗದ ಮನೆಯಲ್ಲಿ ಟಿವಿ ಸ್ಟ್ಯಾಂಡಿಗೆ ಹೋಗುತ್ತದೆ. ಕಂಪನಿಯವರು ನೂರೆಂಟು ಆಟದ ಮೋಡು ತುಂಬುವ ಬದಲು ಇದನ್ನು ಯೋಚಿಸಿದ್ದರೆ ಆ ಮೂರರಲ್ಲೊಂದು ಪಾಲು ಕಳೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಕೊಳ್ಳುವಾಗ ಅಂಗಡಿಯಲ್ಲೇ ನಿಂತು ಒಂದು ಕನ್ನಡ ಮೆಸೇಜು ಕಳಿಸಿ ನೋಡು. ಅಗ್ಗದ ಎಷ್ಟೋ ವಾಚುಗಳಲ್ಲಿ ಇಂಗ್ಲಿಷು ಚೆಂದ ಕಾಣುತ್ತದೆ, ಕನ್ನಡ ಬಂದರೆ ಬರೀ ಡಬ್ಬಿ ಡಬ್ಬಿ. ನಿಮ್ಮವ್ವ "ಲಗೂ ಬಾ" ಅಂತ ಬರೆದದ್ದು ಡಬ್ಬಿಯಾಗಿ ಬಂದರೆ ಆ ವಾಚು ನಮ್ಮನೆಗೆ ಬೇಡ. ಬೆಲ್ಟು, ಚಾರ್ಜರ್ ಬಿಡಿಯಾಗಿ ಸಿಗುತ್ತವೇನು, ಕೆಟ್ಟರೆ ಕಲಬುರಗಿಯಲ್ಲಿ ಯಾರು ನೋಡುತ್ತಾರೆ, ಕೇಳು. ಕೇಳಲು ನಾಚಿಕೆಪಡಬೇಡ, ಹುಡುಗಿಯ ಫೋನ್ ನಂಬರ್ ಕೇಳುತ್ತಿಲ್ಲ ನೀನು.

ಅವಸರ ಮಾತ್ರ ಬೇಡ. ನಿಮ್ಮ ದೊಡ್ಡಪ್ಪನ ಮಗನದು ಸುಮ್ಮನೆ ಬಿದ್ದಿದೆಯಲ್ಲ, ಅದನ್ನೇ ಇಸಕೊಂಡು ಬೇಸಿಗೆ ಕಳೆಯುವ ತನಕ ಕಟ್ಟು. ನಮ್ಮ ಕಡೆಯ ಬಿಸಿಲಿಗೆ ಪಾರಾ ನಲವತ್ತು ದಾಟಿದಾಗ ಆ ರಬ್ಬರಿನ ಬೆಲ್ಟಿನ ಕೆಳಗೆ ಬೆವರುಸಾಲೆ ಏಳುತ್ತದೆ, ತುರಿಕೆ ಹತ್ತುತ್ತದೆ. ಕರೆಂಟು ಹೋದ ರಾತ್ರಿ ಚಾರ್ಜು ಇರುವುದಿಲ್ಲ. ಅದನ್ನೆಲ್ಲ ದಾಟಿ ಮುಂಗಾರು ಬಿದ್ದ ಮೇಲೂ ಅದು ನಿನ್ನ ಕೈಯಲ್ಲೇ ಇದ್ದರೆ ಬಂದು ಹೇಳು, ಹೊಸದಕ್ಕೆ ಅರ್ಧ ರೊಕ್ಕ ನಾನು ಹಾಕುತ್ತೇನೆ. ಇನ್ನರ್ಧ ನಿಮ್ಮಪ್ಪನ ಹತ್ತಿರ ನೀನೇ ಕೇಳಬೇಕು. ತೊಗರಿ ಮಾರಿ ಬಂದ ದಿನ ನೋಡಿ ಕೇಳು, ನನ್ನ ಹೆಸರು ಎತ್ತಬೇಡ.